ಮುಟ್ಲಾ ಅಂತ ಕೇಳುವವಳು

ನಾನು ಕೂತು ಕೆಲಸ ಮಾಡುವವಳು. ವಿಮಾನ ನಿಲ್ದಾಣದಲ್ಲಿ ನಿಮ್ಮ ಬ್ಯಾಗು ಬೆಲ್ಟಿನ ಮೇಲೆ ಸಾಗಿ ಯಂತ್ರದೊಳಗೆ ಹೋಗುತ್ತದಲ್ಲ, ಅದರ ಪಕ್ಕದ ಸ್ಕ್ರೀನಿನ ಮುಂದೆ ಕೂರುತ್ತೇನೆ. ಜನ ಮನೆಯಲ್ಲಿ ಬೀರುವಿನ ಹಿಂದೆ ಬಚ್ಚಿಡುವುದೆಲ್ಲ ನನಗೆ ಕಿತ್ತಳೆ, ನೀಲಿ, ಹಸಿರು ಬಣ್ಣದಲ್ಲಿ ಕಾಣುತ್ತದೆ. ಯಾರ ಹಲ್ಲು ಕಟ್ಟಿಸಿದ್ದು, ಯಾರು ಮಾತ್ರೆಯ ಮೇಲೆ ಬದುಕಿರುವುದು, ಯಾವ ಗಂಭೀರ ಗಂಡಸಿನ ತಲೆಗೂದಲು ಡಬ್ಬಿಯಲ್ಲಿರುವುದು, ಎಲ್ಲ ಗೊತ್ತು. ಬಾಯಿ ಬಿಡುವುದಿಲ್ಲ. ಅಷ್ಟು ನಿಯತ್ತು ನನಗಿದೆ. ಆದರೆ ನಮ್ಮ ಪರದೆ ಅಕ್ಕನ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರುವವಳಲ್ಲ. ಅವಳ ಬಗ್ಗೆ ಇಲ್ಲಸಲ್ಲದ್ದನ್ನು ಹೇಳಿಕೊಂಡು ತಿರುಗುವವರು ಇದನ್ನೊಮ್ಮೆ ಪೂರ್ತಿ ಕೇಳಿಸಿಕೊಳ್ಳಲಿ.

ಪರದೆ ಅಕ್ಕ ಎಂದರೆ ಮೂರನೇ ಸಾಲಿನಲ್ಲಿ ಹೆಂಗಸರ ಮೈ ತಪಾಸಣೆ ಮಾಡುವವಳು. ಲೋಹ ಕಂಡರೆ ಕೂಗುವ ಬಾಗಿಲನ್ನು ದಾಟಿದ ಮೇಲೆ ಹೆಂಗಸರನ್ನು ಒಂದು ಪುಟ್ಟ ಗೂಡಿನೊಳಗೆ ಕಳಿಸುತ್ತಾರೆ. ಮೂರು ಕಡೆ ಹಲಗೆ, ಒಂದು ಕಡೆ ಪರದೆ, ನಿಲ್ಲಲು ಒಂದು ಮಣೆ. ನನ್ನ ಕುರ್ಚಿಗೂ ಆ ಗೂಡಿಗೂ ನಡುವೆ ಒಂದು ಹಲಗೆ ಮಾತ್ರ ಅಡ್ಡ. ಅಕ್ಕ ಅಲ್ಲಿ ಬೆಳಗಿನಿಂದ ನಿಂತೇ ಇರುತ್ತಾಳೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ದಪ್ಪ ಮಣಿಕಟ್ಟು, ಮಾತು ಕಡಿಮೆ. ನಾನು ಒಂದು ದಿನಕ್ಕೆ ಆಡುವಷ್ಟು ಮಾತು ಅವಳಿಗೆ ಒಂದು ತಿಂಗಳಿಗೆ ಬರುತ್ತದೆ.

ಬೇರೆ ಗೂಡುಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತಿರಬೇಕು. ಕೈ ಎತ್ತಿ, ತಿರುಗಿ, ಹೋಗಿ. ಒಳಗೆ ಬಂದದ್ದು ಮನುಷ್ಯರೋ ಮೂಟೆಯೋ ಎಂದು ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಅಕ್ಕ ಹಾಗಲ್ಲ. ಹಾಳು ಎ.ಸಿ.ಗೆ ಕೈ ತಣ್ಣಗೆ ಕೊರೆಯುತ್ತಿರುತ್ತದೆ ಎಂದು ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಆಮೇಲೆ ಎದುರಿಗಿರುವವರ ಮುಖ ನೋಡಿ ‘ಮುಟ್ಲಾ?’ ಎಂದು ಕೇಳುತ್ತಾಳೆ. ಅವರು ಹೂಂ ಅಂದ ಮೇಲೆಯೇ ಅವಳ ಕೈ ಮುಂದೆ ಹೋಗುವುದು. ಅಲ್ಲಿಂದ ಮುಂದೆ ಈಗ ಭುಜ, ಈಗ ಬೆನ್ನು, ಈಗ ಸೊಂಟದ ಹತ್ರ ಎಂದು ಹೇಳುತ್ತಲೇ ಹೋಗುತ್ತಾಳೆ.

ಇದನ್ನು ಅವಳಿಗೆ ಯಾವ ತರಬೇತಿಯಲ್ಲೂ ಕಲಿಸಿದ್ದಲ್ಲ. ಅವಳ ಅತ್ತೆಗೆ ಎರಡು ಕಣ್ಣೂ ಕಾಣುವುದಿಲ್ಲ. ಹೇಳದೆ ಕೇಳದೆ ಯಾರಾದರೂ ತೋಳು ಹಿಡಿದರೆ ಮುದುಕಿ ಬೆಚ್ಚಿಬಿದ್ದು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ. ಒಂದು ಸಲ ಸ್ಟೀಲ್ ಚೊಂಬು ಅಕ್ಕನ ಹಣೆಗೆ ಬಡಿದಿತ್ತು. ಅಂದಿನಿಂದ ತಲೆ ಬಾಚುವ ಮುಂಚೆ, ಸೀರೆ ಉಡಿಸುವ ಮುಂಚೆ, ಸ್ನಾನದ ಮನೆಗೆ ಕರೆದೊಯ್ಯುವ ಮುಂಚೆ ‘ಅತ್ತೆ, ಮುಟ್ಲಾ?’ ಎಂದು ಕೇಳುವುದು ಅಭ್ಯಾಸವಾಯಿತು. ಕೆಲಸಕ್ಕೆ ಸೇರಿದ ದಿನ ಆ ಮಾತು ತಾನಾಗಿಯೇ ಬಾಯಿಗೆ ಬಂತಂತೆ. ಅವಳ ಗಂಡ ಇದೇ ನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದವನು, ಸೊಂಟ ಹಿಡಿದು ಈಗ ಮನೆಯಲ್ಲಿದ್ದಾನೆ. ಅಡುಗೆ ಅವನದು, ಸಂಪಾದನೆ ಇವಳದು.

ಇಷ್ಟು ಹೇಳಿದರೆ ಅಕ್ಕ ಮೆತ್ತಗಿನವಳು, ಕೆಲಸದಲ್ಲಿ ಸಡಿಲ ಎಂದು ನೀವು ಅಂದುಕೊಂಡರೆ ಕೆಟ್ಟಿರಿ. ತುರುಬಿನೊಳಗೆ ಮಡಚುವ ಚಾಕು ಸಿಕ್ಕಿಸಿಕೊಂಡು ಬಂದಿದ್ದ ಒಬ್ಬ ಹೆಂಗಸನ್ನು ಹಿಡಿದವಳು ಇವಳೇ. ಹೇಗೆ ಗೊತ್ತಾಯ್ತು ಎಂದು ಕೇಳಿದ್ದಕ್ಕೆ, ‘ಮುಟ್ಲಾ ಅಂದ ಕೂಡ್ಲೇ ಉಸಿರು ಹಿಡಿದ್ಲು. ಮುಚ್ಚಿಡೋದು ಏನೂ ಇಲ್ದೋರು ಉಸಿರು ಬಿಡ್ತಾರೆ’ ಎಂದಿದ್ದಳು. ಇನ್ನೊಂದು ದಿನ ಒಬ್ಬಾಕೆ ಪರದೆಯೊಳಗೆ ಬಂದು ಎರಡು ಕೈಗಳನ್ನೂ ಎದೆಗೆ ಕಟ್ಟಿಕೊಂಡು ನಿಂತುಬಿಟ್ಟಳು. ಅಕ್ಕ ಕೇಳಿದಳು. ಆಕೆ ಮೆಲ್ಲಗೆ, ‘ಮುಟ್ಟಿ, ಆದ್ರೆ ಎಡಗಡೆ ಇರೋದು ಬಟ್ಟೆ. ಆಪರೇಷನ್ ಆಗಿದೆ’ ಎಂದಳು. ಹೋದ ಸಲ ಬೇರೆಲ್ಲೋ ಅದನ್ನು ಹೊರಗೆ ತೆಗೆಸಿ ಟ್ರೇಯಲ್ಲಿ ಇಡಿಸಿದ್ದರಂತೆ. ಅಕ್ಕ ಅದನ್ನು ಇದ್ದಲ್ಲೇ ಹುಷಾರಾಗಿ ನೋಡಿ, ಸೆರಗು ಸರಿಮಾಡಿ ಕಳಿಸಿದಳು. ಆಕೆ ಹೊರಗೆ ಬಂದು ನನ್ನ ಬೆಲ್ಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಅತ್ತಳು. ಟ್ರೇಯಲ್ಲಿ ಇಡಿಸಿದವರು ನನ್ನ ಕೈಗೆ ಸಿಕ್ಕಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ.

ನಮ್ಮ ಪಾಳಿಯ ಮೇಲ್ವಿಚಾರಕರಿಗೆ ನಾವಿಟ್ಟ ಹೆಸರು ಬೇಗಬೇಗ ಸಾಹೇಬರು. ಅವರ ಬಾಯಿಂದ ಬೇರೆ ಮಾತು ಬಂದದ್ದು ಕಡಿಮೆ. ಕೆಟ್ಟವರೇನಲ್ಲ, ಮೇಲಿನವರ ಭಯ. ಸಾಲು ಉದ್ದವಾದರೆ ಅವರ ಮುಖ ಸಣ್ಣದಾಗುತ್ತದೆ. ಅಕ್ಕನ ಸಾಲು ಉಳಿದವಕ್ಕಿಂತ ಕೊಂಚ ನಿಧಾನ ಎಂಬುದು ಸುಳ್ಳಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಸಾಹೇಬರು ಅವಳಿಗೆ ಹಲವು ಸಲ ಹೇಳಿ ನೋಡಿದರು. ಅವಳು ‘ಆಯ್ತು ಸಾರ್’ ಎಂದು ಒಳಗೆ ಹೋಗಿ ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದಳು. ಅವಳನ್ನು ಹಿಡಿಯಲು ಒಂದು ನೆಪ ಬೇಕಿತ್ತು. ಅದು ಒಂದು ಒತ್ತಕ್ಷರದ ರೂಪದಲ್ಲಿ ಬಂತು.

ಅವತ್ತು ಬೆಳಿಗ್ಗೆ ಜನಜಂಗುಳಿ. ಮೇಲೆ ಮೈಕು ಒಂದೇ ಸಮನೆ ಒದರುತ್ತಿತ್ತು. ನಿವೃತ್ತ ಹೆಡ್‌ಮಿಸ್ ಒಬ್ಬರು, ಅರವತ್ತು ದಾಟಿದವರು, ಅಕ್ಕನ ಗೂಡಿನೊಳಗೆ ಹೋದರು. ಅಕ್ಕ ಎಂದಿನಂತೆ, ‘ಮುಟ್ಲಾ ಅಮ್ಮಾ?’ ಎಂದಳು. ಅದೇ ಹೊತ್ತಿಗೆ ಮೈಕು ಕೊನೆಯ ಕರೆ ಕೂಗಿತು. ಹೆಡ್‌ಮಿಸ್ಸಿನ ಕಿವಿಗೆ ಬಿದ್ದದ್ದು ‘ಮುಟ್ಟಾ ಅಮ್ಮಾ?’ ಎಂದು. ಟಕಾರಕ್ಕೆ ಲಕಾರದ ಒತ್ತಿದ್ದರೆ ಮರ್ಯಾದೆ, ಟಕಾರದ್ದೇ ಒತ್ತಾದರೆ ಮಾನ ಹರಾಜು. ತಿಂಗಳ ರಜೆಯ ಮಾತನ್ನು ಆ ವಯಸ್ಸಿನವರನ್ನು ಕೇಳಿದರೆ ಬಿಡುತ್ತಾರೆಯೇ.

‘ಏನಂದೆ?’ ಎಂಬ ಕೂಗಿಗೆ ಇಡೀ ಹಾಲ್ ತಿರುಗಿ ನೋಡಿತು. ಇಡೀ ಶಾಲೆಯನ್ನು ಒಂದು ಕೂಗಿನಲ್ಲಿ ಸುಮ್ಮನಾಗಿಸಿದ ಗಂಟಲು ಅದು. ಪರದೆ ಸರಿಸಿ ಹೊರಗೆ ಬಂದರು. ‘ಈ ವಯಸ್ಸಲ್ಲಿ ನನ್ನನ್ನ ಎಂಥ ಮಾತು ಕೇಳ್ತಾಳೆ ನೋಡ್ರೀ. ಅದೆಲ್ಲಾ ನಿಂತು ಎಷ್ಟು ವರ್ಷ ಆಯ್ತು’ ಎಂದರು. ಆಮೇಲೆ ತಾವೇನು ಹೇಳಿಬಿಟ್ಟೆವು ಎಂದು ಹೊಳೆದು ಇನ್ನಷ್ಟು ಕೆಂಡವಾದರು. ಅವರ ಅಳಿಯ, ಬೆಲ್ಟು ಟ್ರೇಯಲ್ಲಿದ್ದುದರಿಂದ ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈ ಬೀಸುತ್ತಾ ಜಗಳಕ್ಕೆ ಬಂದ. ಅಕ್ಕ ಬಾಯಿ ತೆರೆಯುವುದರೊಳಗೆ ಸಾಹೇಬರು ಓಡಿಬಂದು ಕೈಮುಗಿದು ಕ್ಷಮೆ ಕೇಳಿ ಅವರನ್ನು ಕಳಿಸಿಕೊಟ್ಟರು. ದೂರು ಮಾತ್ರ ಉಳಿಯಿತು: ತಪಾಸಣೆಯವಳು ಪ್ರಯಾಣಿಕರ ಖಾಸಗಿತನಕ್ಕೆ ಧಕ್ಕೆ ತಂದಳು ಎಂದು. ಎಲ್ಲರನ್ನೂ ಬಿಟ್ಟು ಅಕ್ಕನ ಮೇಲೆ. ಎಂಥಾ ಕಾಲ ಬಂತು.

ಎರಡು ದಿನ ಬಿಟ್ಟು ಸಾಹೇಬರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಪಕ್ಕದಲ್ಲಿದ್ದವಳು ಎಂದು ನನ್ನನ್ನೂ ಕರೆದರು. ನಾನು ತಡೆಯಲಾರದೆ, ‘ಸಾರ್, ಅವರು ಕೇಳಿಸಿಕೊಂಡದ್ದೇ ತಪ್ಪು. ಬೇಕಾದ್ರೆ ಫೋನ್ ಮಾಡಿ ಕೇಳಿ’ ಎಂದೆ. ನನ್ನ ಕಾಟ ತಾಳಲಾರದೆ ಸಾಹೇಬರು ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ವಿಷಯ ತಿಳಿಸಿದಾಗ ಹೆಡ್‌ಮಿಸ್ ಆ ಕಡೆಯಿಂದ ಕೇಳಿದರು:

‘ಮುಟ್ಲಾ ಅಂದ್ರಾ?’

‘ಹೂಂ ಅಮ್ಮಾ’ ಎಂದಳು ಅಕ್ಕ.

‘ಅಯ್ಯೋ ನನ್ನ ಕಿವಿಗಿಷ್ಟು. ಜೀವಮಾನ ಇಡೀ ಮಕ್ಕಳಿಗೆ ಒತ್ತಕ್ಷರ ತಿದ್ದಿದೋಳು ನಾನು’ ಎಂದು ನಗತೊಡಗಿದರು. ನಗು ನಿಂತ ಮೇಲೆ, ‘ನಿಮಗೆ ಎಲ್ರ ಮುಂದೆ ಅವಮಾನ ಮಾಡ್ಬಿಟ್ಟೆ ತಾಯೀ, ಮನಸ್ಸಲ್ಲಿ ಇಟ್ಕೋಬೇಡಿ’ ಎಂದರು. ದೂರನ್ನು ಅಲ್ಲಿಯೇ ವಾಪಸ್ ತೆಗೆದುಕೊಂಡರು. ಇಷ್ಟಕ್ಕೆ ಮುಗಿಯಬೇಕಿತ್ತು. ನಾನು ಎದ್ದು ಹೊರಡಲೂ ಸಿದ್ಧಳಾಗಿದ್ದೆ.

ಸಾಹೇಬರು ಫೋನಿಟ್ಟು, ‘ಆದ್ರೂ ಇನ್ಮೇಲೆ ಕೇಳೋದು ಬೇಡ. ಮಾತಾಡಿದ್ರೆ ತಾನೇ ಹೀಗಾಗೋದು? ಇದೊಂದು ಸಲ ನೀವೂ ಕ್ಷಮೆ ಕೇಳಿದ ಹಾಗೆ ಬರೆದು ಕೊಟ್ಬಿಡಿ’ ಎಂದರು.

ಅಕ್ಕ, ‘ಅವರಿಗೆ ತಪ್ಪಾಗಿ ಕೇಳಿಸ್ತಲ್ಲ, ಅದಕ್ಕೆ ಬೇಕಾದ್ರೆ ಕ್ಷಮೆ ಕೇಳ್ತೀನಿ ಸಾರ್. ನಾನು ಕೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ’ ಎಂದಳು.

ಸಾಹೇಬರಿಗೆ ಆ ಕೇಳುವ ಕೇಳಿಸುವ ಲೆಕ್ಕ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ‘ಒಂದು ಮಾತು ಹೇಳಮ್ಮಾ. ಇವತ್ತಿನವರೆಗೆ ಯಾರಾದ್ರೂ ಬೇಡ ಅಂದಿದ್ದಾರಾ?’

‘ಇಲ್ಲ ಸಾರ್.’

‘ಬೇಡ ಅಂದ್ರೆ ವಿಮಾನ ಹತ್ತೋ ಹಾಗಿಲ್ಲ, ಅದು ಅವರಿಗೂ ಗೊತ್ತು, ನಿಂಗೂ ಗೊತ್ತು. ಹೇಗೂ ಹೂಂ ಅನ್ನಲೇಬೇಕು. ಮತ್ತೆ ಕೇಳೋದ್ಯಾಕೆ? ಅದೊಂದು ನಾಟಕ.’

‘ಹಾಗಿಲ್ಲ ಸಾರ್’ ಎಂದು ನಾನು ಬಾಯಿ ಹಾಕಿದೆ. ‘ಬೇಡ ಅಂದೋರಿಗೆ ಬೇರೆ ಹೆಂಗಸಿನ ಹತ್ರ, ಇಲ್ಲ ಬೇರೆ ಕೋಣೇಲಿ ತಮ್ಮವರ ಜೊತೆ ಮಾಡಿಸ್ಕೊಳ್ಳೋಕೆ ಅವಕಾಶ ಇದೆ. ನಿಯಮದಲ್ಲೇ ಇದೆ.’

‘ಅದನ್ನೆಲ್ಲ ಎಲ್ರಿಗೂ ಹೇಳ್ಕೊಂಡು ಕೂತ್ರೆ ಇವತ್ತಿನ ವಿಮಾನ ನಾಳೆ ಹಾರುತ್ತೆ’ ಎಂದು ನನ್ನ ಬಾಯಿ ಮುಚ್ಚಿಸಿದರು. ನಾಳೆಯಿಂದ ತಾವೇ ಪರದೆಯ ಹೊರಗೆ ನಿಂತು ಕೇಳಿಸಿಕೊಳ್ಳುವುದಾಗಿಯೂ, ಇನ್ನೊಂದು ಸಲ ಆ ಮಾತು ಕಿವಿಗೆ ಬಿದ್ದರೆ ಅಲ್ಲೇ ಪಾಸು ಕಿತ್ತುಕೊಳ್ಳುವುದಾಗಿಯೂ ಹೇಳಿ ಕಳಿಸಿದರು. ಪಾಸು ಎಂದರೆ ಕೊರಳಿಗೆ ನೇತುಹಾಕಿದ ಗುರುತಿನ ಚೀಟಿ. ಅದು ಹೋದರೆ ನಿಲ್ದಾಣದ ಬಾಗಿಲೇ ದಾಟುವ ಹಾಗಿಲ್ಲ, ಕೆಲಸ ಹೋದಂತೆಯೇ. ಅಕ್ಕ ಗೂಡಿನತ್ತ ನಡೆಯುತ್ತಾ ‘ನಾಟಕ ಅಂತೆ’ ಎಂದು ಎರಡು ಸಲ ಅಂದುಕೊಂಡಳು. ಪಾಸಿನ ಬೆದರಿಕೆಗಿಂತ ನಾಟಕ ಎಂಬ ಮಾತು ಅವಳಿಗೆ ನಾಟಿತ್ತು ಎಂದು ನನಗೆ ಗೊತ್ತಾಗುತ್ತಿತ್ತು.

ಊಟದ ಹೊತ್ತಿನಲ್ಲಿ ನಾವು ಹೆಂಗಸರೆಲ್ಲ ಸೇರಿ ಅವಳ ಕೆಲಸ ಉಳಿಸಲು ಬೇರೆ ಮಾತು ಹುಡುಕಲು ಕೂತೆವು. ತಪಾಸಣೆ ಮಾಡಲೇ ಎಂದಳು ಎರಡನೇ ಗೂಡಿನವಳು. ಮನೆ ಜಪ್ತಿಗೆ ಬಂದ ಹಾಗಿದೆ ಎಂದು ಬಿಟ್ಟೆವು. ಕೈ ಹಾಕ್ಲಾ ಎಂದಳು ಇನ್ನೊಬ್ಬಳು. ‘ಹಾಗಂದ್ರೆ ನಾನೇ ಕಪಾಳಕ್ಕೆ ಬಾರಿಸ್ತೀನಿ’ ಎಂದೆ. ನೋಡ್ಲಾ ಎಂದರೆ ಏನನ್ನು ನೋಡುತ್ತೀ ಎಂದು ಕೇಳುತ್ತಾರೆ. ಶುರು ಮಾಡ್ಲಾ ಎಂಬುದು ಹಲ್ಲು ಕೀಳುವ ಡಾಕ್ಟರು ಕೇಳುವ ಮಾತು. ತಡವ್ಲಾ ಎಂದಾಗಂತೂ ಎರಡನೇ ಗೂಡಿನವಳ ಬಾಯಿಯ ನೀರು ಮೂಗಿಗೆ ಬಂತು. ಅಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತಾ, ‘ಮುಟ್ಟೋದನ್ನ ಮುಟ್ಟೋದು ಅಂತ್ಲೇ ಹೇಳ್ಬೇಕು. ಸುತ್ತಿ ಬಳಸಿ ಹೇಳಿದ್ರೆ ನಾನೇ ಏನೋ ಮುಚ್ಚಿಡ್ತಿದ್ದೀನಿ ಅನ್ಸುತ್ತೆ’ ಎಂದಳು.

ಸಂಜೆ ನಾನು ಅವಳ ಜೊತೆ ಮನೆಗೇ ಹೋದೆ. ಎರಡು ಕೋಣೆಯ ಮನೆ, ಒಳಗೆ ಒಗ್ಗರಣೆಯ ಹೊಗೆ. ಗಂಡ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಒಲೆಯ ಮುಂದೆ ನಿಂತಿದ್ದ. ವಿಷಯ ಕೇಳಿ, ‘ಬಾಯಿ ಮುಚ್ಕೊಂಡು ಕೆಲಸ ಮಾಡೋಕೆ ಆಗಲ್ವಾ ನಿಂಗೆ? ಈ ಮನೆ ನಡೀತಿರೋದು ನಿನ್ನ ಪಾಸಿನ ಮೇಲೆ’ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ನಾಚಿಕೆ ಬಿಟ್ಟು ಅವನ ಪಕ್ಷವನ್ನೇ ಹಿಡಿದೆ. ಸ್ವಲ್ಪ ದಿನ ಸುಮ್ಮನಿರು, ಸಾಹೇಬರಿಗೆ ವರ್ಗವಾದ ಮೇಲೆ ಮತ್ತೆ ಕೇಳುವೆಯಂತೆ ಎಂದೆ.

ಮೂಲೆಯ ಮಂಚದಿಂದ ಅತ್ತೆ ಕೆಮ್ಮಿದಳು. ‘ಕೇಳದೆ ಮುಟ್ಟು ಅಂತಾನಾ ಆ ನಿನ್ನ ಸಾಹೇಬ? ಅವನನ್ನ ಇಲ್ಲಿ ಕರ್ಕೊಂಡು ಬಾ, ನನ್ನನ್ನ ಮುಟ್ಟಿ ನೋಡ್ಲಿ.’

‘ನೀನು ಸುಮ್ನಿರಮ್ಮಾ’ ಎಂದ ಮಗ.

‘ನಾನ್ಯಾಕೆ ಸುಮ್ನಿರ್ಲಿ? ಕಣ್ಣು ಹೋಯ್ತು ಅಂತ ಮೈಯೂ ಊರಿನವರದ್ದಾಯ್ತಾ? ವಿಮಾನ ಹತ್ತೋರದ್ದೂ ಅಷ್ಟೇ.’

ಅಕ್ಕ ಎದ್ದು ಅತ್ತೆಯ ಕಾಲಿಗೆ ಹಚ್ಚುವ ಎಣ್ಣೆ ತಂದಳು. ನಾಳೆ ಏನು ಮಾಡುತ್ತೀ ಎಂದು ನಾನು ಬಾಗಿಲಲ್ಲಿ ಕೇಳಿದಾಗ ಅವಳು, ‘ಕತ್ತಲಾಯ್ತು, ಹುಷಾರಾಗಿ ಹೋಗು’ ಎಂದಳು.

ಮಾರನೇ ಬೆಳಿಗ್ಗೆ ಸಾಹೇಬರು ಹೇಳಿದಂತೆಯೇ ಬಂದರು. ಇಸ್ತ್ರಿ ಅಂಗಿ, ಮಿಂಚುವ ಕರಿ ಬೂಟು. ಮೂರನೇ ಗೂಡಿನ ಪರದೆಗೆ ಕಿವಿ ಆನಿಸುವಷ್ಟು ಹತ್ತಿರ ನಿಂತರು. ನನ್ನ ಕಣ್ಣು ಸ್ಕ್ರೀನಿನ ಮೇಲೆ, ಕಿವಿ ಹಲಗೆಯ ಆಚೆ. ಮೊದಲು ಬಂದವಳು ಒಬ್ಬ ತೆಳ್ಳಗಿನ ಹುಡುಗಿ. ವಿಮಾನ ಹತ್ತುವುದು ಇದೇ ಮೊದಲು ಎಂದು ಅವಳ ಮುಖವೇ ಹೇಳುತ್ತಿತ್ತು, ಕೈಗಡಿಯಾರ ಬಿಚ್ಚಬೇಕೋ ಬೇಡವೋ ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಪರದೆಯೊಳಗೆ ಹೋದಳು. ಅಂಗೈ ಉಜ್ಜುವ ಸದ್ದು ಕೇಳಿಸಿತು. ಕೇಳಬೇಡ ಅಕ್ಕಾ, ಇವತ್ತೊಂದು ದಿನ ಕೇಳಬೇಡ ಎಂದು ನಾನು ಮನಸ್ಸಿನಲ್ಲೇ ಗೋಗರೆದೆ.

‘ಮುಟ್ಲಾ ಪುಟ್ಟಿ?’

ಮೆಲ್ಲಗೂ ಅಲ್ಲ, ಕದ್ದೂ ಅಲ್ಲ. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು. ಸಾಹೇಬರ ಕಿವಿ ಕೆಂಪಾಯಿತು. ನಾನು ಹುಡುಗಿಯ ಹೂಂಗಾಗಿ ಕಾದೆ. ಅದು ಬರಲಿಲ್ಲ.

‘ಬೇಡ’ ಎಂದಳು ಹುಡುಗಿ.

ಅಕ್ಕನ ದನಿ ಕೇಳಿಸಿತು. ‘ಆಯ್ತು, ಮುಟ್ಟಲ್ಲ. ಯಾಕೆ ಅಂತ ಹೇಳ್ತೀಯಾ? ಹೇಳ್ಲೇಬೇಕು ಅಂತೇನಿಲ್ಲ. ಬೇರೆ ಅಕ್ಕನ್ನ ಕರೀತೀನಿ, ಇಲ್ಲ ಬೇರೆ ಕೋಣೆಗೆ ಹೋಗೋಣ.’

ಹುಡುಗಿ ಏನೋ ಪಿಸುಗುಟ್ಟಿದಳು. ನನಗೆ ಕೇಳಿಸಲಿಲ್ಲ. ಪರದೆ ಸರಿಯಿತು, ಅಕ್ಕ ಹೊರಗೆ ಬಂದಳು. ನಾನು ಗುಂಡಿ ಒತ್ತಿ ಬೆಲ್ಟು ನಿಲ್ಲಿಸಿಬಿಟ್ಟೆ. ಹಿಂದಿನ ಸಾಲು ಗೊಣಗಿತು. ಗೊಣಗಲಿ.

‘ಸಾರ್, ಒಳಗಿರೋರು ಬೇಡ ಅಂತಿದ್ದಾರೆ.’

ಸಾಹೇಬರ ಮುಖ ಅರಳಿತು. ‘ನೋಡಿದ್ಯಾ? ಇದಕ್ಕೇ ನಾನು ಬಡ್ಕೊಂಡಿದ್ದು. ಯಾಕಂತೆ?’

‘ನಿಮ್ಮ ಬೂಟು ಕಾಣ್ತಿದೆಯಂತೆ.’

ಪರದೆ ನೆಲದವರೆಗೆ ಬರುವುದಿಲ್ಲ, ಮೊಣಕಾಲಿನ ಹತ್ತಿರವೇ ನಿಲ್ಲುತ್ತದೆ. ಸಾಲಿನಲ್ಲಿದ್ದವರೆಲ್ಲ ಬಗ್ಗಿ ಬೂಟು ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಸಾಹೇಬರೂ ತಮ್ಮ ಕಾಲನ್ನೇ ಹೊಸದಾಗಿ ಕಂಡವರಂತೆ ನೋಡಿಕೊಂಡರು.

‘ಪರದೆ ಹತ್ರ ಗಂಡಸರು ನಿಂತಿರೋವಾಗ ಮೈ ಮುಟ್ಟಿಸ್ಕೊಳ್ಳಲ್ಲ ಅಂತಾಳೆ. ನ್ಯಾಯವಾಗಿದೆ. ಆಚೆ ಹೋಗಿ ಸಾರ್.’

‘ನನಗೇ ಹೋಗು ಅಂತ ಹೇಳ್ತೀಯಾ?’

‘ಹೂಂ ಸಾರ್. ಇದನ್ನ ಕೇಳ್ತಿಲ್ಲ, ಹೇಳ್ತಿದ್ದೀನಿ.’

ಸಾಹೇಬರು ಕೈ ಚಾಚಿ ‘ಪಾಸ್ ಕೊಡು’ ಎಂದರು. ಅಕ್ಕ ಕೊರಳಿನಿಂದ ಪಾಸು ತೆಗೆದಳು. ಕೈಯಲ್ಲೇ ಹಿಡಿದುಕೊಂಡು, ‘ಕೊಡ್ತೀನಿ. ಯಾಕೆ ಕಿತ್ಕೊಂಡ್ರಿ ಅಂತ ಬರೆದುಕೊಡಿ, ಅಷ್ಟು ಸಾಕು’ ಎಂದಳು. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ನಾನು ನೋಡುತ್ತಲೇ ಇದ್ದೆ. ಏನೆಂದು ಬರೆದಾರು? ಹೆಂಗಸರ ಪರದೆಗೆ ಕಿವಿಗೊಟ್ಟು ನಿಂತಿದ್ದೆ, ಒಳಗಿದ್ದ ಹುಡುಗಿ ನನ್ನ ಬೂಟು ಕಂಡು ಒಲ್ಲೆ ಎಂದಳು, ಆದ್ದರಿಂದ ಇವಳನ್ನು ತೆಗೆದಿದ್ದೇನೆ ಎಂದೇ? ಮೇಲಿನವರು ಓದಿದರೆ ಯಾರ ಪಾಸು ಹೋಗುತ್ತದೆ ಎಂದು ಅವರಿಗೂ ಹೊಳೆದಿರಬೇಕು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ನನ್ನ ಕಡೆ ತಿರುಗಿ ‘ಬೆಲ್ಟು ಯಾಕೆ ನಿಂತಿದೆ, ಬೇಗ ಬೇಗ’ ಎಂದು ಗದರಿ, ಗಾಜಿನ ಬಾಗಿಲಿನಾಚೆ ಹೋದರು. ಅಕ್ಕ ಪಾಸು ಕೊರಳಿಗೆ ಹಾಕಿಕೊಂಡು ಒಳಗೆ ಹೋಗಿ ಮತ್ತೆ ಕೇಳಿದಳು, ಈ ಸಲ ಹುಡುಗಿ ಹೂಂ ಅಂದಳು. ಆಮೇಲೆ ಆ ಪಾಸಿನ ಸುದ್ದಿ ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅವರ ಜಾಗಕ್ಕೆ ಬೇರೆಯವರು ಬಂದರೂ ಅಕ್ಕ ಇನ್ನೂ ಮೂರನೇ ಗೂಡಿನಲ್ಲೇ ಇದ್ದಾಳೆ.

ಅವತ್ತು ಚಹಾದ ಹೊತ್ತಿಗೆ ನನಗೆ ಹಬ್ಬ. ಬೂಟಿನ ಕಥೆಯನ್ನು ಒಬ್ಬೊಬ್ಬರಿಗೂ ಅಭಿನಯ ಸಮೇತ ಹೇಳಿ, ‘ಅಕ್ಕಾ, ಅವರ ನೀರಿಳಿಸಿಬಿಟ್ಟೆ ನೀನು’ ಎಂದೆ. ಅವಳಿಗೆ ಅದರ ಕಡೆ ಗಮನವೇ ಇರಲಿಲ್ಲ. ಲೋಟ ಹಿಡಿದುಕೊಂಡು ಕೂತಿದ್ದಳು.

‘ಆ ಹುಡುಗಿ ಬೇಡ ಅಂದ್ಲು, ಕೇಳಿಸ್ಕೊಂಡ್ಯಾ?’ ಎಂದಳು. ‘ಇಷ್ಟು ವರ್ಷ ಎಲ್ರೂ ಹೂಂ ಅಂದ್ರು. ಸಾಹೇಬ್ರು ಅದನ್ನ ನಾಟಕ ಅಂದಾಗ ಇದ್ರೂ ಇರಬಹುದೇನೋ ಅಂತ ನನಗೇ ಭಯ ಆಗಿತ್ತು. ನಾನು ನಿಜವಾಗ್ಲೂ ಕೇಳ್ತಿದ್ದೀನಿ ಅಂತ ಇವತ್ತು ಗೊತ್ತಾಯ್ತು.’